ಮಗಳ ಬೆಳವಣಿಗೆಯನ್ನು ತಾಯಿ ಬರೆದಿಡುವ ಬಗೆ

ಮಗಳು ಹುಟ್ಟಿದಂದಿನಿಂದ ಬೆಳೆದು ನಿಂತವರೆಗಿನ ಕಾಲವನ್ನು ಒಂದೆಡೆ ಬರೆದು ಅವಳ ಕೈಗೆ ಕೊಡಬೇಕೆಂಬ ಆಸೆ ಅನೇಕ ತಾಯಂದಿರಿಗಿರುತ್ತದೆ. ಹಾಗೆ ಬರೆಯುವಾಗ ಎಲ್ಲ ವರ್ಷಗಳಿಗೂ ಸಮನಾಗಿ ಪುಟಗಳನ್ನು ಹಂಚುವ ಅಗತ್ಯವಿಲ್ಲ. ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ತಮ್ಮ ಮೊದಲ ಮೂರು ವರ್ಷಗಳ ನೆನಪು ಇರುವುದಿಲ್ಲ. ಆರೇಳು ವರ್ಷದವರೆಗಿನದೂ ಅಲ್ಲೊಂದು ಇಲ್ಲೊಂದು ತುಣುಕಾಗಿ ಮಾತ್ರ ಉಳಿದಿರುತ್ತದೆ. ಆದ್ದರಿಂದ ಅವಳು ತಾನಾಗಿ ನೆನೆಯಲಾರದ ಆ ಕಾಲಕ್ಕೆ ಅರ್ಧದಷ್ಟು ಪುಟಗಳನ್ನು ಮೀಸಲಿಟ್ಟು, ಅವಳು ದೊಡ್ಡವಳಾದಂತೆಲ್ಲ ನಿಮ್ಮ ಮಾತನ್ನು ಕಡಿಮೆ ಮಾಡುತ್ತ ಹೋಗುವುದೇ ಸರಿಯೆಂಬುದು ನನ್ನ ಅಭಿಪ್ರಾಯ.

ಮೊದಲು ದಿನಾಂಕವಿರುವ ಕಾಗದಪತ್ರಗಳನ್ನು ಹುಡುಕಿ ತೆಗೆಯಿರಿ: ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿ, ಲಸಿಕೆಯ ಕಾರ್ಡು, ತೂಕ ಮತ್ತು ಎತ್ತರ ಗುರುತು ಮಾಡಿದ ಹಾಳೆ, ಶಾಲೆಯ ಅಂಕಪಟ್ಟಿಗಳು. ಗರ್ಭಿಣಿಯಾಗಿದ್ದಾಗ ತೆಗೆದ ಸ್ಕ್ಯಾನಿಂಗ್ ಚಿತ್ರಗಳು ಸಾಮಾನ್ಯವಾಗಿ ಬಿಸಿಗೆ ಕಪ್ಪಾಗುವ ಕಾಗದದ ಮೇಲೆ ಅಚ್ಚಾಗಿರುವುದರಿಂದ ವರ್ಷಗಳು ಕಳೆದಂತೆ ಮಾಸಿಹೋಗುತ್ತವೆ. ಅವನ್ನು ತಡಮಾಡದೆ ಫೋಟೊ ತೆಗೆದಿಡಿ. ಮೊಬೈಲಿನ ಮೂಲ ಚಿತ್ರದಲ್ಲಿ ತೆಗೆದ ದಿನಾಂಕ ದಾಖಲಾಗಿರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಆ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ, ಮೂಲ ಚಿತ್ರ ಯಾರ ಬಳಿ ಇದೆಯೋ ಅವರನ್ನೇ ಕೇಳಬೇಕು.

ನಿಮ್ಮ ನೆನಪನ್ನೂ ಪೂರ್ತಿ ನಂಬಬೇಡಿ. ಮಕ್ಕಳು ಮುಖ ನೋಡಿ ನಗಲು ತೊಡಗುವುದು ಹೆಚ್ಚಾಗಿ 6ರಿಂದ 8 ವಾರಗಳಲ್ಲಿ. ಹುಟ್ಟಿದಾಗಿನ ತೂಕ ಸುಮಾರು 5 ತಿಂಗಳಿಗೆ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು ಆಗುತ್ತದೆ. ಆಸರೆಯಿಲ್ಲದೆ ನಡೆಯುವುದು ಬಹುಮಟ್ಟಿಗೆ 9ರಿಂದ 18 ತಿಂಗಳ ನಡುವೆ. ಮಗಳು ಆರನೆಯ ತಿಂಗಳಿಗೇ ನಡೆದಳೆಂದು ನಿಮಗೆ ಅನ್ನಿಸುತ್ತಿದ್ದರೆ, ಅದು ಬಹುಶಃ ಯಾರೋ ಕೈಹಿಡಿದು ನಿಲ್ಲಿಸಿದ ದಿನವಾಗಿರುತ್ತದೆ. ಖಚಿತವಿಲ್ಲದ ಕಡೆ ‘ಸುಮಾರು’ ಎಂದು ಬರೆದರೆ ಏನೂ ಕೊರತೆಯಾಗದು.

ಈ ಮೊದಲ ಭಾಗದಲ್ಲಿ ಹೊಗಳಿಕೆಯ ಮಾತುಗಳಿಗಿಂತ ಕಣ್ಣಿಗೆ ಕಟ್ಟುವ ವಿವರಗಳು ಮುಖ್ಯ. ‘ಬಹಳ ಹಟಮಾರಿಯಾಗಿದ್ದಳು’ ಎಂಬ ವಾಕ್ಯ ಯಾವ ಮಗುವಿಗಾದರೂ ಹೊಂದುತ್ತದೆ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು, ತಿದ್ದಲು ಹೋದವರ ಕೈಯನ್ನು ತಳ್ಳಿ, ಹಾಗೆಯೇ ಬಾಗಿಲವರೆಗೆ ಎಡವುತ್ತ ಹೋಗುತ್ತಿದ್ದಳು ಎಂದು ಬರೆದರೆ ಅಲ್ಲಿ ನಿಮ್ಮ ಮಗಳೇ ಕಾಣುತ್ತಾಳೆ. ಅವಳ ತೊದಲು ಮಾತುಗಳನ್ನು ತಿದ್ದದೆ, ಅವಳು ಆಡಿದಂತೆಯೇ ಬರೆಯಿರಿ. ಹೆರಿಗೆ ಎಷ್ಟು ಹೊತ್ತು ಹಿಡಿಯಿತು, ಸಹಜವಾಗಿ ಆಯಿತೋ ಶಸ್ತ್ರಚಿಕಿತ್ಸೆಯಿಂದಲೋ, ಮಗುವಿಗೆ ಕಾಮಾಲೆ ಇತ್ತೇ, ಜ್ವರ ಏರಿ ಫಿಟ್ಸ್ ಬಂದಿತ್ತೇ, ಯಾವ ಔಷಧಿ ಒಗ್ಗಲಿಲ್ಲ ಎಂಬುದನ್ನೂ ಬಿಡಬಾರದು. ಮುಂದೆ ವೈದ್ಯರು ಅವಳನ್ನು ಕೇಳುವ ಪ್ರಶ್ನೆಗಳೇ ಇವು. ಹೆರಿಗೆಯ ನಂತರ ನಿಮಗೆ ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಬೇಸರವಾಗುತ್ತಿದ್ದರೆ, ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ‘ನಿನಗಾಗಿ ಇಷ್ಟೆಲ್ಲ ಸಹಿಸಿದೆ’ ಎಂಬ ಲೆಕ್ಕ ಒಪ್ಪಿಸುವ ಧಾಟಿ ಬಂದ ಕೂಡಲೇ ಆ ಸಾಲನ್ನು ಹೊಡೆದುಹಾಕಿ.

ಶಾಲೆಯ ವರ್ಷಗಳಿಗೆ ಕೆಲವೇ ಪುಟಗಳು ಸಾಕು. ಬಹುಮಾನಗಳ ಪಟ್ಟಿ ಹೇಗೂ ಪ್ರಮಾಣಪತ್ರಗಳಲ್ಲಿರುತ್ತದೆ. ಅವಳು ಯಾವುದಕ್ಕೆ ಹೆದರುತ್ತಿದ್ದಳು, ಯಾವ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಲಿಲ್ಲ ಎಂಬುದು ಅಲ್ಲಿರುವುದಿಲ್ಲ. ಗೋಡೆಯ ಮೇಲೆ ಎತ್ತರದ ಗುರುತುಗಳಿದ್ದರೆ ಬಣ್ಣ ಬಳಿಸುವ ಮೊದಲೇ ಅಳತೆಗಳನ್ನು ಬರೆದುಕೊಳ್ಳಿ.

ಹೆಣ್ಣುಮಕ್ಕಳಲ್ಲಿ ಪ್ರೌಢಾವಸ್ಥೆಯ ಬದಲಾವಣೆಗಳು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಆರಂಭವಾಗುತ್ತವೆ. ಇಲ್ಲಿಂದ ಮುಂದೆ ಬರೆಯುವ ರೀತಿಯೇ ಬದಲಾಗಬೇಕು. ಅವಳ ದೇಹದ ಬದಲಾವಣೆ, ಅವಳು ಗುಟ್ಟಾಗಿ ಹೇಳಿದ್ದು, ಅವಳ ದಿನಚರಿಯಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು, ಇವು ನಿಮ್ಮ ಬರಹದ ಸಾಮಗ್ರಿಯಲ್ಲ. ಬದಲಿಗೆ ನಿಮ್ಮಲ್ಲಾದ ಬದಲಾವಣೆಯನ್ನು ಬರೆಯಿರಿ: ಬಾಗಿಲು ತಟ್ಟಿ ಅವಳ ಕೋಣೆಗೆ ಹೋಗತೊಡಗಿದ್ದು ಯಾವಾಗ, ಯಾವ ಕಟ್ಟುಪಾಡನ್ನು ಅವಳು ವಾದಿಸಿ ಸಡಿಲಿಸಿಕೊಂಡಳು, ಯಾವ ವಿಷಯದಲ್ಲಿ ನೀವೇ ಅವಳ ಸಲಹೆ ಕೇಳಿದಿರಿ. ನೀವು ನಿಜವಾಗಿ ಬಲ್ಲದ್ದು ಇಷ್ಟನ್ನೇ. (ಈ ಭಾಗ ಬರೆಯುವುದೇ ಎಲ್ಲಕ್ಕಿಂತ ಕಷ್ಟ, ಅದೂ ಮಗಳು ಪಕ್ಕದ ಕೋಣೆಯಲ್ಲೇ ಇರುವಾಗ.)

ಅವಳು ವಯಸ್ಕಳಾದ ಮೇಲಿನದಕ್ಕೆ ಹೊಸ ಅಧ್ಯಾಯ ಬೇಡ. ಕರಡನ್ನು ಅಗಲವಾದ ಅಂಚು ಬಿಟ್ಟು ಮುದ್ರಿಸಿ, ಬೇರೆ ಯಾರಿಗೂ ತೋರಿಸುವ ಮೊದಲು ಅವಳಿಗೇ ಓದಲು ಕೊಡಿ. ಅವಳು ಬೇಡವೆಂದದ್ದನ್ನು ಕಾರಣ ಕೇಳದೆ ತೆಗೆದುಬಿಡಿ. ‘ಹೀಗೆ ಆಗಿರಲಿಲ್ಲ’ ಎಂದದ್ದನ್ನು ಮಾತ್ರ ಅಳಿಸದೆ, ಅವಳ ನೆನಪನ್ನು ಅಂಚಿನಲ್ಲಿ ಅವಳ ಕೈಯಿಂದಲೇ ಬರೆಸಿ. ಅಂತಿಮ ಪ್ರತಿಗೆ ಆಮ್ಲರಹಿತ ಕಾಗದ ಬಳಸಿದರೆ ಬೇಗ ಹಳದಿಯಾಗುವುದಿಲ್ಲ. ಎರಡು ಪ್ರತಿ ಮಾಡಿ, ಅಂಚಿನ ಬರಹವಿರುವ ಪ್ರತಿಯನ್ನು ಅವಳಿಗೇ ಕೊಡಿ.