ಐಎಸ್-ಐಎಸ್‌ನಲ್ಲಿ ಮುಖ್ಯ ಮಾರ್ಗಗಳಿಗೆ ಆದ್ಯತೆ ನೀಡುವ ಕ್ರಮ
ಐಎಸ್-ಐಎಸ್ ಎಂಬುದು ಒಂದು ಜಾಲದೊಳಗಿನ ರೂಟರ್‌ಗಳು ಮಾರ್ಗಗಳನ್ನು ಕಂಡುಕೊಳ್ಳಲು ಬಳಸುವ ಪ್ರೋಟೊಕಾಲ್. ಜಾಲದ ಕೊಂಡಿಯೊಂದು ಕಡಿದಾಗ ರೂಟರ್ ಎಸ್‌ಪಿಎಫ್ ಲೆಕ್ಕವನ್ನು (ಅತಿ ಕಡಿಮೆ ವೆಚ್ಚದ ದಾರಿ ಹುಡುಕುವ ಲೆಕ್ಕವನ್ನು) ಬೇಗನೆ ಮುಗಿಸುತ್ತದೆ; ಆದರೆ ಸಾವಿರಾರು ಪ್ರಿಫಿಕ್ಸ್‌ಗಳನ್ನು (ಐಪಿ ವಿಳಾಸಗಳ ಗುಂಪುಗಳನ್ನು) ರೂಟಿಂಗ್ ಕೋಷ್ಟಕಕ್ಕೆ ಒಂದೊಂದಾಗಿ ಬರೆಯುವಾಗ ಸಮಯ ಹಿಡಿಯುವುದರಿಂದ, ಯಾವುದು ಮೊದಲು ಎಂಬುದನ್ನು ನಾವೇ ನಿರ್ಧರಿಸುವುದು ಒಳ್ಳೆಯದು.

ಸಿಸ್ಕೊ ರೂಟರ್‌ಗಳ ಕಾರ್ಯವ್ಯವಸ್ಥೆಯಾದ ಐಒಎಸ್ ಎಕ್ಸ್‌ಆರ್‌ನಲ್ಲಿ ಕ್ರಿಟಿಕಲ್, ಹೈ, ಮೀಡಿಯಂ, ಲೋ ಎಂಬ ನಾಲ್ಕು ದರ್ಜೆಗಳಿವೆ. ನಾವು ಏನನ್ನೂ ಹೇಳದಿದ್ದರೆ ಒಂದೇ ವಿಳಾಸವನ್ನು ಸೂಚಿಸುವ ಐಪಿವಿ4ರ /32 ಮತ್ತು ಐಪಿವಿ6ರ /128 ಪ್ರಿಫಿಕ್ಸ್‌ಗಳು ಮೀಡಿಯಂ ದರ್ಜೆಗೂ ಉಳಿದವು ಲೋ ದರ್ಜೆಗೂ ಸೇರುತ್ತವೆ.

ಬಿಜಿಪಿಯ (ಜಾಲಗಳ ನಡುವೆ ಮಾರ್ಗಗಳನ್ನು ಹಂಚುವ ಪ್ರೋಟೊಕಾಲ್‌ನ) ನೆಕ್ಸ್ಟ್ ಹಾಪ್, ಅಂದರೆ ಮುಂದಿನ ನಿಲುಗಡೆ, ಆಗಿರುವ ಲೂಪ್‌ಬ್ಯಾಕ್ ವಿಳಾಸಗಳನ್ನು (ರೂಟರ್‌ನ ಸ್ವಂತ ಸ್ಥಿರ ವಿಳಾಸಗಳನ್ನು) ಮೊದಲು ಗುರುತಿಸಿ, ಏಕೆಂದರೆ ಗ್ರಾಹಕರ ಮಾರ್ಗಗಳೆಲ್ಲ ಅವುಗಳನ್ನೇ ಆಶ್ರಯಿಸಿವೆ. ಅವುಗಳಿಗೆ ಹೊಂದುವ ಆಕ್ಸೆಸ್ ಲಿಸ್ಟ್ (ವಿಳಾಸಗಳನ್ನು ಆರಿಸುವ ಪಟ್ಟಿ) ಬರೆದು, ರೂಟರ್ ಐಎಸ್-ಐಎಸ್‌ನ ಅಡ್ರೆಸ್ ಫ್ಯಾಮಿಲಿಯೊಳಗೆ (ಐಪಿವಿ4 ಅಥವಾ ಐಪಿವಿ6ರ ಸಂರಚನಾ ಭಾಗದೊಳಗೆ) ‘ಎಸ್‌ಪಿಎಫ್ ಪ್ರಿಫಿಕ್ಸ್-ಪ್ರಯಾರಿಟಿ ಕ್ರಿಟಿಕಲ್’ ಆದೇಶದೊಂದಿಗೆ ಅದರ ಹೆಸರನ್ನು ಕೊಡಿ. ಲೂಪ್‌ಬ್ಯಾಕ್‌ಗಳಿಗೆ ಮೂಲದಲ್ಲೇ ಟ್ಯಾಗ್ (ಗುರುತಿನ ಸಂಖ್ಯೆ) ಹಚ್ಚಿ, ಪಟ್ಟಿಯ ಹೆಸರಿನ ಬದಲು ಆ ಸಂಖ್ಯೆಯನ್ನು ಕೊಡುವುದು ನನಗೆ ಹೆಚ್ಚು ಇಷ್ಟ. ಹೊಸ ರೂಟರ್ ಸೇರಿದಾಗ ಪಟ್ಟಿಗಳನ್ನು ತಿದ್ದುವ ಗೋಜು ಇರುವುದಿಲ್ಲ. ಎಲ್ಲವನ್ನೂ ಕ್ರಿಟಿಕಲ್ ಮಾಡಿದರೆ ಆದ್ಯತೆಗೆ ಅರ್ಥವೇ ಉಳಿಯದು.

ಈ ಆದ್ಯತೆ ಅಳವಡಿಕೆಯ ಸರದಿಯನ್ನು ಮಾತ್ರ ಬದಲಿಸುತ್ತದೆ. ಉತ್ತಮ ಮಾರ್ಗದ ಆಯ್ಕೆ ಎಂದಿನಂತೆ ಮೆಟ್ರಿಕ್‌ನಿಂದಲೇ (ದಾರಿಯ ವೆಚ್ಚದಿಂದಲೇ) ಆಗುತ್ತದೆ. ಕೊನೆಯಲ್ಲಿ ‘ಶೋ ಐಎಸ್ಐಎಸ್ ರೂಟ್ ಡೀಟೇಲ್’ ಆದೇಶ ನೀಡಿ, ಪ್ರತಿ ಪ್ರಿಫಿಕ್ಸ್‌ನ ಮುಂದೆ ಕಾಣುವ ದರ್ಜೆಯನ್ನು ಪರಿಶೀಲಿಸಿ.