ಗೌಡರ ಕಾಲು ಕೂಡಿದ್ದು

ಅಡಿಕೆ ಮರದಿಂದ ಬಿದ್ದವರು ಶಿರಸಿಯಲ್ಲಿ ನನ್ನ ಹತ್ತಿರ ಪ್ರತಿ ಕೊಯ್ಲಿನಲ್ಲೂ ಬರುತ್ತಾರೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಈ ಕೊನೆಗೌಡರು ಬಂದಾಗ ಮಾತ್ರ ಬಿದ್ದು 9 ತಿಂಗಳಾಗಿತ್ತು. ಮೊಣಕಾಲಿನ ಕೆಳಗಿನ ದೊಡ್ಡ ಎಲುಬು. ಎರಡು ಸಲ ಪ್ಲಾಸ್ಟರ್, ನಡುವೆ ನಾಟಿ ಕಟ್ಟು, ಎಲ್ಲ ಆಗಿತ್ತು. "ಆಪರೇಷನ್ ಒಂದು ಬೇಡ ಡಾಕ್ಟ್ರೇ" ಅಂದರು, ಕೂರುವ ಮೊದಲೇ.

9 ತಿಂಗಳಾದರೂ ಕೂಡದೆ, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇ ಏನೂ ಬದಲಾಗದಿದ್ದರೆ ಅದಕ್ಕೆ ನಾನ್‌ಯೂನಿಯನ್ ಅನ್ನುತ್ತೇವೆ. ಇವರ ಎಲುಬಿನ ಎರಡೂ ತುದಿ ಆನೆಯ ಪಾದದ ಹಾಗೆ ಊದಿದ್ದವು. ನನಗೆ ಧೈರ್ಯ ಬಂದಿದ್ದು ಅದನ್ನು ನೋಡಿಯೇ. ರಕ್ತ ಚೆನ್ನಾಗಿ ಬರುತ್ತಿದೆ, ಎಲುಬು ಬೆಳೆಯಲು ನೋಡುತ್ತಿದೆ, ಜಾಗ ಅಲುಗಾಡುವುದರಿಂದ ಕೂಡುತ್ತಿಲ್ಲ ಅಷ್ಟೇ. ತುದಿ ಪೆನ್ಸಿಲ್‌ನಂತೆ ಸವೆದಿದ್ದರೆ, ನಡುವೆ ದೊಡ್ಡ ಸಂದು ಇದ್ದರೆ, ಕೀವಾಗಿದ್ದರೆ ನಾನೇ ಆಪರೇಷನ್‌ಗೆ ಪಟ್ಟು ಹಿಡಿಯುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ, ಸಕ್ಕರೆ ಸರಿ ಇತ್ತು. ವಿಟಮಿನ್ ಡಿ ಕಡಿಮೆ ಇತ್ತು, ಮಾತ್ರೆ ಬರೆದೆ.

ಮೊಣಕಾಲ ಚಿಪ್ಪಿನ ಕೆಳಗೆ ಒತ್ತಿ ಅಚ್ಚು ಕೂರಿಸುವ ಪ್ಲಾಸ್ಟರ್ ಹಾಕಿದೆ. ಆಗಸ್ಟೋ ಸಾರ್ಮಿಯೆಂಟೋ ಎಂಬ ಸರ್ಜನ್ 1967ರಲ್ಲಿ ಬರೆದು ತಿಳಿಸಿದ ಕ್ರಮ ಅದು. ಮೊಣಕಾಲು ಮಡಚಬಹುದು, ನಡೆಯಬಹುದು. ನಡೆಯಲೇಬೇಕು: ಪ್ಲಾಸ್ಟರ್ ಜಾಗ ಅಲುಗಾಡದಂತೆ ಹಿಡಿಯುತ್ತದೆ, ಮೈಭಾರ ಎಲುಬು ಕೂಡಲು ನೆರವಾಗುತ್ತದೆ. ಮುರಿದ ಕಾಲನ್ನು ಊರುವುದು ಅಂದ್ರೆ ಗೌಡರಿಗೆ ಹೆದರಿಕೆ. ತೋಟದ ಒಡೆಯರ ಮನೆಯಲ್ಲಿ ಅಡಿಕೆ ತೂಗುವ ಕಾಟಾ ಇತ್ತು. ಒಳ್ಳೆ ಕಾಲಿಗೆ ಅದೇ ಎತ್ತರದ ಹಲಗೆ ಕೊಟ್ಟು, ಈ ಕಾಲನ್ನು ಕಾಟಾದ ಮೇಲಿಟ್ಟು, 20 ಕಿಲೋ ತೋರಿಸುವವರೆಗೆ ಒತ್ತಿ ಅಂದೆ. ಎಷ್ಟು ಭಾರ ಹಾಕಬೇಕೆಂದು ಕಾಲಿಗೇ ಗೊತ್ತಾಯಿತು. ಆಮೇಲೆ ವಾರ ವಾರ ಹೆಚ್ಚಿಸಿದೆವು.

ಜೊತೆಗೆ ಅಲ್ಟ್ರಾಸೌಂಡ್ ಮಷಿನ್, ಸ್ಕ್ಯಾನಿಂಗ್‌ನದಲ್ಲ, ಎಲುಬು ಕೂಡಲಿ ಅಂತ ಮಂದ ಶಬ್ದದ ಅಲೆ ಹಾಯಿಸುವಂಥದ್ದು. ಬಾಡಿಗೆಗೆ ತರಿಸಿದ್ದು. ಪ್ಲಾಸ್ಟರ್‌ನಲ್ಲಿ ಚಿಕ್ಕ ಕಿಟಕಿ ಕೊರೆದು, ಜೆಲ್ ಹಚ್ಚಿ, ದಿನಕ್ಕೆ 20 ನಿಮಿಷ. ಇದರ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. 2016ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ, ರಾಡ್ ಹಾಕಿದ ಹೊಸ ಮುರಿತಗಳಿಗೆ ಇದರಿಂದ ಲಾಭ ಕಾಣಲಿಲ್ಲ. ಇವರದು ಹಳೆಯ ಮುರಿತ, ತೊಂದರೆಯಂತೂ ಇಲ್ಲ, ನೋಡೋಣ ಅಂತ ಕೊಟ್ಟೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಕವಳ, ಅಂದರೆ ತಂಬಾಕು ಹಾಕಿದ ಎಲೆ ಅಡಿಕೆ ಬಿಡಿಸುವುದು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎಲುಬು ಕೂಡುವುದು ನಿಧಾನವಾಗುತ್ತದೆ. ಬೈದೆ, ಬೇಡಿಕೊಂಡೆ. ಕೊನೆಗೆ ಅವರ ಹೆಂಡತಿ ಮನೆಯಲ್ಲಿದ್ದ ತಂಬಾಕನ್ನೆಲ್ಲ ಬಚ್ಚಲ ಒಲೆಗೆ ಹಾಕಿದರಂತೆ. ಎಲೆ ಅಡಿಕೆ ಉಳಿಯಿತು. ಅದೂ ಬಾಯಿಗೆ ಒಳ್ಳೆಯದಲ್ಲ, ಆದರೆ ಶಿರಸಿಯಲ್ಲಿ ಕೂತು ಜೋರಾಗಿ ಹೇಳೋದು ಹೇಗೆ?

ಐದನೇ ತಿಂಗಳ ಎಕ್ಸ್‌ರೇಯಲ್ಲಿ ನಾಲ್ಕು ಬದಿಗಳಲ್ಲಿ ಮೂರು ಕೂಡಿದ್ದವು. ಒತ್ತಿದರೆ ನೋವಿರಲಿಲ್ಲ. ಊರವರೆಲ್ಲ ಮಷಿನ್ ಹೊಗಳಿದರು. ಎಲ್ಲವನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದು ಫಲ ಕೊಟ್ಟಿತು ಅಂತ ಬೇರೆ ಮಾಡಿ ತೋರಿಸಲಾರೆ. ಒಂದನ್ನೇ ಇಟ್ಟುಕೋ ಅಂದರೆ ಮಾತ್ರ ನಾನು ಕಾಟಾ ಇಟ್ಟುಕೊಳ್ಳುತ್ತೇನೆ.

ಮರ ಹತ್ತುವುದು ಬೇಡ ಅಂದಿದ್ದೆ. ಈಗ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊನೆ ಇಳಿಸುತ್ತಾರೆ. ಮೊನ್ನೆ ಬಂದಿದ್ದರು, ಮೇಲೆ ನೋಡಿ ನೋಡಿ ಕುತ್ತಿಗೆ ನೋವಂತೆ.