ಎರೆ ಮಣ್ಣಿನಲ್ಲಿ ಸಂಜೆಮಲ್ಲಿಗೆ

ಹಗಲೆಲ್ಲ ಹೊಲಿಗೆ ಮಷಿನ್ ಮುಂದೆ ಕೂರುವವಳು ನಾನು. ಗಂಗಾವತಿಯ ಬಿಸಿಲಿಗೆ ಮುಂಜಾನೆ ಅರಳಿದ ಹೂವೆಲ್ಲ ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಬಾಡಿರುತ್ತವೆ. ಸಂಜೆಮಲ್ಲಿಗೆ ಮಾತ್ರ ನನಗಾಗಿ ಕಾಯುತ್ತದೆ. ನಾಲ್ಕೂವರೆ, ಐದಕ್ಕೆ ಅರಳಿ, ರಾತ್ರಿಯೆಲ್ಲ ಘಮಘಮ ಎಂದು, ಮರುದಿನ ಬಿಸಿಲೇರಿದಾಗ ಮುದುಡುತ್ತದೆ.

ಬೀಜ ಅವ್ವ ಕೊಟ್ಟಿದ್ದು. ಕುಷ್ಟಗಿಯಿಂದ ಬರುವಾಗ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ತಂದಿದ್ದಳು. ಇಪ್ಪತ್ತು ಬೀಜ ಅಂಗಳದ ಕಪ್ಪು ಎರೆ ಮಣ್ಣಿಗೆ ಹಾಕಿ ದಿನಕ್ಕೆ ಎರಡು ಸಲ ನೀರು ಹೊಯ್ದೆ. ಮೊಳೆತಿದ್ದು ಮೂರೇ. ಬೆರಳಿನಿಂದ ಕೆದಕಿ ನೋಡಿದರೆ ಉಳಿದವೆಲ್ಲ ಕೊಳೆತು ಮೆತ್ತಗಾಗಿದ್ದವು. ಎರೆ ಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ, ಅಲ್ವಾ? ಒಣಗಿದರೆ ಕಲ್ಲಾಗಿ ಬಿರುಕು ಬಿಡುತ್ತದೆ. ಎಳೆ ಮೊಳಕೆಗೆ ಎರಡೂ ಕಷ್ಟ.

ಈಗ ಕುಂಡದಲ್ಲೇ ಮೊಳೆಸುತ್ತೇನೆ. ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಎರೆ, ಒಂದು ಪಾಲು ಹಳೆಯ ಸಗಣಿ ಗೊಬ್ಬರ. ಮೇಲೆ ಎರಡು ಹಿಡಿ ಭತ್ತದ ಹೊಟ್ಟು. ನಮ್ಮಲ್ಲಿ ರೈಸ್‌ಮಿಲ್ಲುಗಳಿಗೆ ಬರವಿಲ್ಲ, ಹೊಟ್ಟು ಸುಲಭವಾಗಿ ಸಿಗುತ್ತದೆ. ಅದು ಸೇರಿದರೆ ಮಣ್ಣು ಸಡಿಲವಾಗಿ ಉಳಿಯುತ್ತದೆ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಮೇ ತಿಂಗಳ ಬಿಸಿಲಲ್ಲಿ ಬಿತ್ತಬೇಡಿ. ಮೃಗಶಿರ ಮಳೆ ಒಂದೆರಡು ಸಲ ಬಿದ್ದ ಮೇಲೆ, ಜೂನ್ ಎರಡನೇ ವಾರ ಒಳ್ಳೆಯದು. ಸಿಪ್ಪೆ ಗಟ್ಟಿಯಾದ್ದರಿಂದ ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಹುಗಿದು ನೀರು ಚಿಮುಕಿಸಿ. ಆಮೇಲೆ ಬೆರಳು ಇಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಎಂಟು ಹತ್ತು ದಿನಕ್ಕೆ ಅಗಲವಾದ ಎರಡು ಎಲೆ ಕಾಣಿಸುತ್ತವೆ.

ನಾಲ್ಕು ಎಲೆ ಬರುತ್ತಿದ್ದಂತೆ ನೆಲಕ್ಕೆ ನೆಡಿ. ತಡಮಾಡಿದರೆ ಬೇರು ಆಳಕ್ಕೆ ಇಳಿದು, ಕೀಳುವಾಗ ತುಂಡಾಗುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ಗೇಣುದ್ದ ಆದಾಗ ತುದಿ ಚಿವುಟಿದರೆ ಟೊಂಗೆ ಜಾಸ್ತಿ. ಗೊಬ್ಬರ ಸುಮ್ನೆ ಸುರಿಯಬೇಡಿ, ಎಲೆ ಮಾತ್ರ ಸೊಂಪಾಗುತ್ತದೆ.

ಗಣೇಶನ ಹಬ್ಬದ ಹೊತ್ತಿಗೆ ನಮ್ಮ ಅಂಗಳದಲ್ಲಿ ಹೂ ಶುರುವಾಗಿರುತ್ತದೆ. ಕತ್ತಲಾದ ಮೇಲೆ ಉದ್ದ ಸೊಂಡಿಲಿನ ದೊಡ್ಡ ಪತಂಗಗಳು ಬರುತ್ತವೆ. ಓಣಿಯ ಹುಡುಗಿಯರು ಹೂವಿನ ಉದ್ದ ಕೊಳವೆಗಳನ್ನೇ ಜಡೆಯಂತೆ ಹೆಣೆದು ಮುಡಿಯುತ್ತಾರೆ, ದಾರವೇ ಬೇಡ. ನನಗೆ ಅದಕ್ಕಿಂತ ಚೆಂದದ ಮಾಲೆ ಇಲ್ಲ.

ಒಂದು ಹೂವಿಗೆ ಒಂದೇ ಬೀಜ. ಹಸಿರು ಕಾಯಿ ಕಪ್ಪಾಗಿ, ಮುಟ್ಟಿದರೆ ಉದುರುವಂತಾದಾಗ ಆರಿಸಿ. ಇಷ್ಟವಾದ ಬಣ್ಣದ ಗಿಡಕ್ಕೆ ಹೂ ಇರುವಾಗಲೇ ಬಣ್ಣದ ನೂಲು ಕಟ್ಟಿಡಿ, ಬೀಜ ನೋಡಿ ಬಣ್ಣ ಹೇಳಲಾಗದು. ಕೆಂಪು, ಬಿಳಿ ಕೂಡಿ ಹುಟ್ಟಿದ ಗುಲಾಬಿ ಬಣ್ಣದ ಹೂವಿನ ಗಿಡದ ಬೀಜದಿಂದ ಮೂರೂ ಬಣ್ಣ ಬರಬಹುದು.

ಬೇಸಿಗೆಯಲ್ಲಿ ಗಿಡ ಒಣಗಿದರೆ ಕೀಳಬೇಡಿ. ಕೆಳಗೆ ಗಡ್ಡೆ ಇರುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಗಡ್ಡೆ, ಬೀಜ ಎರಡೂ ವಿಷ, ತಿಂದರೆ ವಾಂತಿ ಭೇದಿ ಆಗುತ್ತದೆ. ಬೀಜ ನೋಡಲು ಥೇಟ್ ಕಾಳುಮೆಣಸು. ಅದಕ್ಕೇ ನಾನು ಅಡುಗೆಮನೆಯಲ್ಲಿ ಇಡುವುದಿಲ್ಲ. ಎರಡು ದಿನ ನೆರಳಲ್ಲಿ ಒಣಗಿಸಿ, ಬಟ್ಟೆ ಚೂರಿನಲ್ಲಿ ಗಂಟು ಕಟ್ಟಿ, ಹೆಸರು ಬರೆದು, ಮಕ್ಕಳ ಕೈಗೆ ಎಟುಕದಂತೆ ಬೀರುವಿನ ಮೇಲೆ ಇಡುತ್ತೇನೆ.